ಹಸುವಿನ ಉಸಿರು, ನನ್ನ ಹಸಿವು

ಪಶುವೈದ್ಯರು ಬಂದವರೇ ಥರ್ಮಾಮೀಟರ್ ತೆಗೆಯಲಿಲ್ಲ, ಸೂಜಿಯನ್ನೂ ತೆಗೆಯಲಿಲ್ಲ. ಸೀದಾ ಹಸುವಿನ ಮುಸುಡಿಯ ಹತ್ತಿರ ಬಗ್ಗಿ, ಅದು ಬಿಟ್ಟ ಉಸಿರನ್ನು ಮೂಗಿಗೆ ಎಳೆದುಕೊಂಡರು. ಒಮ್ಮೆ, ಇನ್ನೊಮ್ಮೆ. ಆಮೇಲೆ ಮಾವನ ಕಡೆ ತಿರುಗಿ, "ಕರು ಹಾಕಿ ಎಷ್ಟು ದಿನ ಆಯ್ತು ಗೌಡ್ರೇ?" ಅಂದರು.

"ಇವತ್ತಿಗೆ ಇಪ್ಪತ್ತೊಂದು ದಿನ ಡಾಕ್ಟ್ರೇ. ಹುಲ್ಲು ಅಷ್ಟಿಷ್ಟು ಎಳೀತದೆ. ಹಿಂಡಿ ಬೂಸಾ ಇಟ್ರೆ ಮೂಸಿ ಮುಖ ತಿರುಗಿಸ್ತದೆ. ಹಾಲು ಅರ್ಧಕ್ಕರ್ಧ ಇಳಿದೋಯ್ತು."

ಡಾಕ್ಟರು ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು, ಬಿಳಿ ತಟ್ಟೆಯ ಮೇಲೆ ಚಿಟಿಕೆ ಪುಡಿ ಸುರಿದರು. ನೋಡಲು ಪುಡಿಯುಪ್ಪಿನ ಹಾಗೇ ಇತ್ತು. ಕೆಚ್ಚಲಿನಿಂದ ನಾಲ್ಕು ಹನಿ ಹಾಲನ್ನು ಅದರ ಮೇಲೆ ಕರೆದರು. ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ಹಾಲು ಬಿದ್ದ ಜಾಗ ಮೊದಲು ಗುಲಾಬಿಯಾಯಿತು. ಕಣ್ಣು ಮಿಟುಕಿಸುವುದರೊಳಗೆ ನೇರಳೆಗೆ ತಿರುಗಿತು. ನೇರಳೆ ಅಂದರೆ ನೇರಳೆಹಣ್ಣು ತಿಂದ ನಾಲಿಗೆಯ ನೇರಳೆ!

"ಕೀಟೋಸಿಸ್" ಅಂದರು ಡಾಕ್ಟರು.

ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ಆ ಕೊಟ್ಟಿಗೆಯಲ್ಲಿ ಕೀಟೋಸಿಸ್ ಆಗಿದ್ದದ್ದು ಹಸುವಿಗೆ ಒಂದಕ್ಕೇ ಅಲ್ಲ. ನಾನೂ ಮೂರು ವಾರದಿಂದ ಅನ್ನ, ಮುದ್ದೆ, ಚಪಾತಿ, ಸಕ್ಕರೆ ಬಿಟ್ಟು ಮೊಟ್ಟೆ, ಪನೀರು, ತುಪ್ಪ, ಕೊಬ್ಬರಿ, ಸೊಪ್ಪು, ಮಟನ್ ಎಂದು ಕೂತಿದ್ದೆ. ಕೀಟೋ ಆಹಾರದಲ್ಲಿ ದಿನಕ್ಕೆ ಹೆಚ್ಚೆಂದರೆ 50 ಗ್ರಾಂ ಪಿಷ್ಟ-ಸಕ್ಕರೆ. ನಮ್ಮ ಕಡೆಯ ಒಂದು ದೊಡ್ಡ ಮುದ್ದೆ ಒಂದೇ ಏಟಿಗೆ ಆ ಲೆಕ್ಕ ದಾಟಿಬಿಡುತ್ತದೆ. ಹಿಂದಿನ ರಾತ್ರಿ ಮಾವ ನನ್ನ ತಟ್ಟೆ ನೋಡಿ, "ಏನಳಿಯ, ಹಾಸನದೋರು ಮುದ್ದೆ ಬಿಟ್ಟು ಬದುಕಕ್ಕಾಯ್ತದಾ?" ಎಂದು ನಕ್ಕಿದ್ದರು. ಮುದ್ದೆಯ ಆಸೆ ಇರಲಿ, ಒಂದು ವಾರದಿಂದ ನನಗೆ ಹಸಿವು ಅನ್ನುವುದೇ ನೆಟ್ಟಗೆ ಆಗಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ಬಂದು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಇಲ್ಲಿ ನೋಡಿದರೆ, ಹಿಂಡಿ ಕಂಡರೆ ಬಕೆಟ್ಟನ್ನೇ ನುಂಗುವಂಥ ಎಚ್‌ಎಫ್ ತಳಿಯ ಹಸು ಮುಖ ತಿರುಗಿಸಿ ನಿಂತಿದೆ.

ಹಸುವಿಗೂ ನನಗೂ ಒಂದೇ ರಾಸಾಯನಿಕ. ಇಬ್ಬರಿಗೂ ಹಸಿವಿಲ್ಲ!

ಬ್ಯಾಗಿನಲ್ಲಿ ನನ್ನ ಕೀಟೋನ್ ಮೀಟರ್ ಇತ್ತು. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಬಳಸುವ ಗ್ಲೂಕೋಸ್ ಮೀಟರಿನಂಥದೇ, ಪಟ್ಟಿ ಮಾತ್ರ ಬೇರೆ, ಬೆಲೆಯೂ ಕೈ ಸುಡುವಂಥದು. ಸಂಕೋಚದಿಂದಲೇ ತೆಗೆದು ತೋರಿಸಿದೆ. ಡಾಕ್ಟರ ಕಣ್ಣು ಅರಳಿತು. "ಅಯ್ಯೋ, ಇದೇ ಮೀಟರ್ ಹಸುಗೂ ನಡೆಯುತ್ತೆ ಸಾರ್!" ಮನುಷ್ಯರಿಗೆಂದು ಮಾಡಿದ ಈ ಕೈಮೀಟರುಗಳನ್ನು ಡೈರಿ ಹಸುಗಳ ಮೇಲೆ ಪರೀಕ್ಷಿಸಿ, ಸರಿಯಾಗಿಯೇ ತೋರಿಸುತ್ತವೆ ಎಂದು ವಿಜ್ಞಾನಿಗಳು ಎಂದೋ ಖಚಿತಪಡಿಸಿಕೊಂಡಿದ್ದಾರಂತೆ. ಹಸುವಿನ ಬಾಲದ ಬುಡದಿಂದ ಒಂದು ಹನಿ ರಕ್ತ, ನನ್ನ ಉಂಗುರ ಬೆರಳಿನಿಂದ ಒಂದು ಹನಿ. ಮೀಟರಿನ ಪರದೆಯ ಮೇಲೆ ಹತ್ತರಿಂದ ಹಿಮ್ಮುಖ ಎಣಿಕೆ. ಮಾವ ಉಸಿರು ಬಿಗಿಹಿಡಿದು ನಿಂತಿದ್ದರು.

ಹಸುವಿಗೆ 3.4. ನನಗೆ 1.3.

"ಹಸುಗೆ 1.2 ದಾಟಿದ್ರೇನೇ ನಾವು ಹುಷಾರಾಗ್ತೀವಿ" ಎಂದರು ಡಾಕ್ಟರು. "ನೀವು ಹಸುವಾಗಿದ್ರೆ ನಿಮಗೂ ಒಂದು ಬಾಟ್ಲಿ ಏರಿಸಿಬಿಡ್ತಿದ್ದೆ!"

ಅಂದಿನಿಂದ ನನಗೆ ಹಿಡಿದ ಹುಚ್ಚಿನ ಕಥೆ ಇದು.

ಮೊದಲು ಆ ನೇರಳೆ ಬಣ್ಣ. ಮೈಗೆ ಗ್ಲೂಕೋಸ್ ಸಾಲದೆ ಬಂದಾಗ ಕೊಬ್ಬು ಕರಗಿ ಲಿವರಿಗೆ ಹೋಗುತ್ತದೆ. ಲಿವರ್ ಅದನ್ನು ಕಡಿದು ಕೀಟೋನ್ ಎಂಬ ಚೂರುಗಳನ್ನಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಕರು ಹಾಕಿದ ಹಸುವಿನಲ್ಲಿ ಗ್ಲೂಕೋಸನ್ನೆಲ್ಲ ಕೆಚ್ಚಲು ಬಾಚಿಕೊಳ್ಳುತ್ತದೆ, ಹಾಲಿನ ಸಿಹಿ ತಯಾರಾಗಬೇಕಲ್ಲ. ತಿಂದದ್ದು ಸಾಲದೆ ಬೆನ್ನ ಮೇಲಿನ ಕೊಬ್ಬು ಕರಗತೊಡಗುತ್ತದೆ. ನನ್ನ ವಿಷಯದಲ್ಲಿ ಗ್ಲೂಕೋಸನ್ನು ತಟ್ಟೆಯಿಂದಲೇ ತೆಗೆದುಹಾಕಿದ್ದು ನಾನೇ. ದಾರಿ ಬೇರೆ, ಸೇರುವ ಊರು ಒಂದೇ. ಇಲ್ಲೊಂದು ಸೋಜಿಗ ನೋಡಿ: ಇಷ್ಟೆಲ್ಲ ಕೀಟೋನ್ ಬೇಯಿಸುವ ಲಿವರ್ ಅದರಲ್ಲಿ ಒಂದು ತುತ್ತನ್ನೂ ತಾನು ಉಣ್ಣಲಾರದು! ಅದನ್ನು ಉರಿಸಲು ಬೇಕಾದ ಕಿಣ್ವವೇ ಲಿವರಿನಲ್ಲಿ ಇಲ್ಲ. ಸಾವಿರ ಜನಕ್ಕೆ ಅಡುಗೆ ಮಾಡಿ ಬಡಿಸಿ ತಾನು ಉಪವಾಸ ಇರುವ ಅಡುಗೆ ಭಟ್ಟರ ಹಾಗೆ, ಮಾಡಿದ್ದನ್ನೆಲ್ಲ ಹೃದಯಕ್ಕೆ, ಸ್ನಾಯುಗಳಿಗೆ, ಮಿದುಳಿಗೆ ಕಳಿಸಿಕೊಡುತ್ತದೆ.

ಕೀಟೋನುಗಳು ಮೂರು. ಅಸಿಟೋಅಸಿಟೇಟ್ ಮೂತ್ರದಲ್ಲಿ, ಹಾಲಿನಲ್ಲಿ ಸಿಗುತ್ತದೆ. ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ರಕ್ತದಲ್ಲಿ ಹೆಚ್ಚು. ಮೂರನೆಯ ಅಸಿಟೋನ್ ಗಾಳಿಗೆ ಹಾರುವಂಥದು, ಹಾಗಾಗಿ ಉಸಿರಿನಲ್ಲಿ ಬರುತ್ತದೆ. ಡಾಕ್ಟರು ಹಸುವಿನ ಮುಸುಡಿಯಲ್ಲಿ ಮೂಸಿದ್ದು ಇದನ್ನೇ. ಉಗುರಿನ ಬಣ್ಣ ಅಳಿಸುವ ದ್ರವದ ವಾಸನೆ, ಸ್ವಲ್ಪ ಕಳಿತ ಹಣ್ಣಿನದೂ ಸೇರಿದ ಹಾಗೆ. ವಿಚಿತ್ರವೆಂದರೆ ಈ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ. ಮಾವ ಎಷ್ಟು ಮೂಸಿದರೂ "ಹಸು ವಾಸನೆ ಬರ್ತಾ ಐತೆ ಅಷ್ಟೇಯ" ಎಂದರು.

ನೇರಳೆ ಪುಡಿಯ ಹೆಸರು ಕೇಳಿದ ಮೇಲಂತೂ ನಾನು ಕುಣಿದಾಡಿಬಿಟ್ಟೆ. ರೊಥೆರಾ ಪರೀಕ್ಷೆ! ವೈದ್ಯಕೀಯ ಓದಿದ ಯಾರನ್ನಾದರೂ ಕೇಳಿ. ಮೊದಲ ವರ್ಷದ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಪ್ರನಾಳದಲ್ಲಿನ ಮೂತ್ರಕ್ಕೆ ಅಮೋನಿಯಂ ಸಲ್ಫೇಟ್ ತುಂಬಿ, ಎರಡು ಹರಳು ಸೋಡಿಯಂ ನೈಟ್ರೊಪ್ರಸೈಡ್ ಹಾಕಿ, ಅಂಚಿನಿಂದ ಮೆಲ್ಲಗೆ ಅಮೋನಿಯ ಇಳಿಸಿ, ಎರಡು ದ್ರವ ಸೇರುವ ಜಾಗದಲ್ಲಿ ಉಂಗುರ ಮೂಡುವುದನ್ನು ಅವರೆಲ್ಲ ಕಾದು ನೋಡಿದ್ದಾರೆ. ಅಮೋನಿಯದ ಘಾಟಿಗೆ ಕಣ್ಣೀರನ್ನೂ ಸುರಿಸಿದ್ದಾರೆ. 1908ರ ವಿಧಾನ ಅದು. ಕೀಟೋ ಮಾಡುವವರು ಔಷಧಿ ಅಂಗಡಿಯಿಂದ ತರುವ ಮೂತ್ರದ ಪಟ್ಟಿಯ ತುದಿಯಲ್ಲಿರುವುದೂ ಇದೇ ನೈಟ್ರೊಪ್ರಸೈಡ್. ಶತಮಾನ ಕಳೆದ ರಸಾಯನ ಕೊಟ್ಟಿಗೆಯಲ್ಲೂ ಇದೆ, ಜಿಮ್ಮಿಗೆ ಹೋಗುವವರ ಬಚ್ಚಲುಮನೆಯಲ್ಲೂ ಇದೆ.

ಆದರೆ ಮೂತ್ರದ ಪಟ್ಟಿ ಒಂದು ಆಟ ಆಡುತ್ತದೆ. ಮೊದಲ ವಾರ ಗಾಢ ನೇರಳೆ ತೋರಿಸುತ್ತದೆ. ವಾರಗಳು ಕಳೆದ ಹಾಗೆ ಬಣ್ಣ ತಿಳಿಯಾಗುತ್ತಾ ಬರುತ್ತದೆ. ಎಲ್ಲೋ ತಪ್ಪಿದೆವು ಅಂದುಕೊಂಡು ಜನ ಗಾಬರಿಯಾಗುತ್ತಾರೆ. ತಪ್ಪೇನೂ ಆಗಿರುವುದಿಲ್ಲ. ಮೈ ಪಳಗಿದ ಹಾಗೆ ಕೀಟೋನನ್ನು ಮೂತ್ರಕ್ಕೆ ಚೆಲ್ಲುವುದು ಕಡಿಮೆಯಾಗುತ್ತದೆ, ಅಷ್ಟೆ. ಅದೂ ಅಲ್ಲದೆ ನೈಟ್ರೊಪ್ರಸೈಡಿಗೆ ಕಾಣುವುದು ಮುಖ್ಯವಾಗಿ ಅಸಿಟೋಅಸಿಟೇಟ್. ರಕ್ತದ ಹಿರಿಯಣ್ಣ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಅದಕ್ಕೆ ಕಾಣುವುದೇ ಇಲ್ಲ. ಅವನನ್ನು ಹಿಡಿಯುವುದು ಬೆರಳು ಚುಚ್ಚುವ ಮೀಟರ್. ಪಟ್ಟಿಯೊಳಗೆ ಒಣಗಿಸಿಟ್ಟ ಒಂದು ಕಿಣ್ವ ರಕ್ತದ ಹನಿ ತಾಕಿದ್ದೇ ಎಚ್ಚೆತ್ತು, ಒಂದೊಂದು ಕೀಟೋನ್ ಅಣುವಿನಿಂದಲೂ ಎಲೆಕ್ಟ್ರಾನುಗಳನ್ನು ಕಿತ್ತು ತಂತಿಗೆ ಕೊಡುತ್ತದೆ. ಹರಿದ ವಿದ್ಯುತ್ತೇ ಪರದೆಯ ಮೇಲೆ ಅಂಕಿಯಾಗುತ್ತದೆ. ಹತ್ತು ಸೆಕೆಂಡಿನಲ್ಲಿ! ರಾತ್ರಿ ಉಂಡು ಮಲಗಿ ಎದ್ದವರಲ್ಲಿ ಸಾಮಾನ್ಯವಾಗಿ ಲೀಟರ್ ರಕ್ತಕ್ಕೆ 0.1ರಿಂದ 0.3 ಮಿಲಿಮೋಲ್. 0.5 ದಾಟಿದರೆ ಆಹಾರದಿಂದ ಬಂದ ಕೀಟೋಸಿಸ್ ಎನ್ನುತ್ತಾರೆ. ಅದು 3ರವರೆಗೆ ಹೋಗಬಹುದು. ವಾರಗಟ್ಟಲೆ ಬರೀ ನೀರು ಕುಡಿದು ಉಪವಾಸ ಮಾಡಿದವರಲ್ಲಿ 5, 6, 7 ಮುಟ್ಟುತ್ತದೆ.

ನನ್ನ ಪುಸ್ತಕ ತೆಗೆದು ನೋಡಿದೆ. ಬಳಸಿ ಮಿಕ್ಕ ಹಳೇ ಡೈರಿ ಅದು. ಎಡಗಡೆ ಕೀಟೋನ್, ಬಲಗಡೆ ಹಸಿವಿಗೆ ನಾನೇ ಕೊಟ್ಟುಕೊಂಡ ಅಂಕ, ಹತ್ತಕ್ಕೆ. ಮೊದಲ ದಿನ 0.1, ಹಸಿವು 6. ಮೂರನೇ ದಿನ 0.4, ಹಸಿವು 9. ಪಕ್ಕದಲ್ಲಿ 'ತಲೆ ಸಿಡಿತ. ಎದುರುಮನೆ ಒಗ್ಗರಣೆಗೂ ಅಳು ಬರ್ತಿದೆ' ಎಂದು ಬರೆದಿದ್ದೇನೆ. ಮಜ್ಜಿಗೆಗೆ ಹೆಚ್ಚು ಉಪ್ಪು ಹಾಕಿ ಕುಡಿದ ಮೇಲೆ ತಲೆನೋವು ಇಳಿಯಿತು, ಮೈ ನೀರಿನ ಜೊತೆ ಉಪ್ಪನ್ನೂ ಕಳೆದುಕೊಳ್ಳುವ ದಿನಗಳು ಅವು. ಆರನೇ ದಿನ 0.8, ಹಸಿವು 5. ಒಂಬತ್ತನೇ ದಿನ 1.2, ಹಸಿವಿನ ಅಂಕಣ ಖಾಲಿ. ಬರೆಯಲು ಮರೆತಿದ್ದೆ! ಊಟ ಮರೆತವನು ಹಸಿವಿನ ಅಂಕ ಬರೆಯುವುದನ್ನು ನೆನಪಿಟ್ಟುಕೊಳ್ಳುತ್ತಾನೆಯೇ?

ಇನ್ನೊಂದು ವಿಚಿತ್ರ. ರಾತ್ರಿಯಿಡೀ ಉಪವಾಸ ಇದ್ದು ಬೆಳಿಗ್ಗೆ ನೋಡಿದರೆ ಅಂಕಿ ಕಡಿಮೆ, ಸಂಜೆ ಹೆಚ್ಚು. ತಿರುಗಾಮುರುಗಾ ಆಗಬೇಕಿತ್ತಲ್ಲವೇ? ಬೆಳಗಿನ ಜಾವ ನಮ್ಮನ್ನು ಎಬ್ಬಿಸಲು ಕಾರ್ಟಿಸಾಲ್ ಏರುತ್ತದೆ, ಅದರ ಮಾತು ಕೇಳಿ ಲಿವರ್ ಒಂದಿಷ್ಟು ಗ್ಲೂಕೋಸ್ ಬಿಡುತ್ತದೆ. ಆಗ ಕೀಟೋನ್ ತುಸು ಹಿಂದೆ ಸರಿಯುತ್ತದೆ. ಬೆಳಿಗ್ಗೆ ಮಾತ್ರ ಚುಚ್ಚಿ ನೋಡಿ ಬೇಜಾರು ಮಾಡಿಕೊಳ್ಳುವವರು ಇದನ್ನು ತಿಳಿದಿದ್ದರೆ ಎಷ್ಟೋ ಪಟ್ಟಿ ಉಳಿಯುತ್ತಿತ್ತು.

ಈ ಕೀಟೋನ್ ಯಾಕಿದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಬಾಸ್ಟನ್ನಿನಲ್ಲಿ, 1967ರಲ್ಲಿ. ಜಾರ್ಜ್ ಕೇಹಿಲ್, ಆಲಿವರ್ ಓವೆನ್ ಮತ್ತು ಜೊತೆಗಾರರು ಐದಾರು ವಾರ ಉಪವಾಸ ಇದ್ದ ಮೂವರು ದಪ್ಪ ದೇಹದವರ ಕುತ್ತಿಗೆಯ ನಾಳಕ್ಕೆ, ಅಂದರೆ ಮಿದುಳಿನಿಂದ ರಕ್ತ ಹಿಂದಿರುಗುವ ದಾರಿಗೆ, ಸಣ್ಣ ಕೊಳವೆ ಇಳಿಸಿದರು. ಮಿದುಳಿಗೆ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಲೆಕ್ಕ ಹಾಕಿದರು. ಅಲ್ಲಿಯವರೆಗೆ ಪಾಠ ಒಂದೇ ಇತ್ತು: ಮಿದುಳು ಗ್ಲೂಕೋಸ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಕೊಳವೆ ಹೇಳಿದ್ದೇ ಬೇರೆ. ಮಿದುಳಿನ ಶಕ್ತಿಯ ಸುಮಾರು ಮೂರರಲ್ಲಿ ಎರಡು ಪಾಲು ಕೀಟೋನಿನಿಂದ ಬರುತ್ತಿತ್ತು! ಎಂಥ ಏರ್ಪಾಡು ನೋಡಿ. ಕೀಟೋನ್ ಇಲ್ಲದಿದ್ದರೆ ಮಿದುಳಿನ ಗ್ಲೂಕೋಸಿಗಾಗಿ ಮೈ ತನ್ನ ಸ್ನಾಯುಗಳನ್ನೇ ಕಿತ್ತು ಕರಗಿಸಬೇಕಿತ್ತು. ಬರಗಾಲದಲ್ಲಿ ನಮ್ಮ ಹಿರೀಕರು ತಿಂಗಳು ದಾಟಿ ಬದುಕಿದ್ದಕ್ಕೆ, ಆ ಬಡಕಲು ಮೈಯಲ್ಲೂ ತಲೆ ನೆಟ್ಟಗಿದ್ದುದಕ್ಕೆ, ಇದೇ ಕಾರಣ.

ಸರಿ, ಕೀಟೋನ್ ಮಿದುಳಿಗೆ ಊಟ ಹಾಕುತ್ತದೆ. ಆದರೆ ಹಸಿವು? ಅದನ್ನು ಯಾರು ಆರಿಸಿದರು?

ಇದಕ್ಕೆ ನಾವು ಜಪಾನಿಗೆ ಹೋಗಬೇಕು. ಒಸಾಕದಲ್ಲಿ ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಒಂದು ಬೀಗ ಹಿಡಿದು ಕೀಲಿ ಹುಡುಕುತ್ತಿದ್ದರು. ಬೀಗ ಮಿದುಳಿನಲ್ಲಿತ್ತು, ಬೆಳವಣಿಗೆಯ ಹಾರ್ಮೋನನ್ನು ಬಿಡಿಸುವ ಬೀಗ ಅದು. ಅದಕ್ಕೆ ಕೂರುವ ಕೀಲಿ ಮಿದುಳಿನಲ್ಲೇ ಇರಬೇಕೆಂದು ಎಲ್ಲರ ಅಂದಾಜು. ಇಲಿಯ ಒಂದೊಂದೇ ಅಂಗವನ್ನು ಅರೆದು ಪರೀಕ್ಷಿಸಿದರು. ಕೀಲಿ ಸಿಕ್ಕಿದ್ದು ಎಲ್ಲಿ ಅಂತೀರಿ? ಹೊಟ್ಟೆಯಲ್ಲಿ, ಜಠರದ ಗೋಡೆಯಲ್ಲಿ! 28 ಅಮೈನೋ ಆಮ್ಲಗಳ ಪುಟ್ಟ ಸರ. ಆ ಸರವನ್ನು ಪ್ರಯೋಗಾಲಯದಲ್ಲಿ ತಾವೇ ಪೋಣಿಸಿ ಬೀಗಕ್ಕೆ ಹಾಕಿ ತಿರುಗಿಸಿದರೆ, ಅದು ತೆರೆಯಲೇ ಇಲ್ಲ. ತೂಕ ನೋಡಿದರು. ಹೊಟ್ಟೆಯಿಂದ ಸಿಕ್ಕ ಸರ ತಾವು ಪೋಣಿಸಿದ್ದಕ್ಕಿಂತ ಅಣುತೂಕದ ಲೆಕ್ಕದಲ್ಲಿ 126 ಹೆಚ್ಚು ತೂಗುತ್ತಿತ್ತು. ಏನೋ ಒಂದು ಅಂಟಿಕೊಂಡಿದೆ! ಹುಡುಕಿದಾಗ ಮೂರನೆಯ ಮಣಿಗೆ ಎಂಟು ಇಂಗಾಲದ ಒಂದು ಕೊಬ್ಬಿನ ಬಾಲ ಸಿಕ್ಕಿತು. ಆ ಬಾಲ ಅಂಟಿಸಿದ್ದೇ ತಡ, ಬೀಗ ಟಕ್ ಎಂದು ತೆರೆಯಿತು. 1999ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಸುದ್ದಿ ಬಂತು. ಹೆಸರು ಘ್ರೆಲಿನ್. ಬೆಳವಣಿಗೆಯ ಹಾರ್ಮೋನನ್ನು ಬಿಡಿಸುವ ಕೀಲಿ ಹುಡುಕಲು ಹೋದವರ ಕೈಗೆ ಸಿಕ್ಕಿದ್ದು ಹಸಿವಿನ ಹಾರ್ಮೋನ್ ಎಂಬುದು ಗೊತ್ತಾಗಿದ್ದು ಆಮೇಲೆ.

ಆ ಎಂಟು ಇಂಗಾಲದ ಬಾಲ ಯಾವುದು ಗೊತ್ತೇ? ಆಕ್ಟನೋಯಿಕ್ ಆಮ್ಲ. ನಮ್ಮ ಮಂಗಳೂರು ಕಡೆಯ ಅಡುಗೆಮನೆಯ ಕೊಬ್ಬರಿ ಎಣ್ಣೆಯಲ್ಲಿ ಅದು ಧಾರಾಳವಾಗಿದೆ. ಮೇಕೆಯ ಹಾಲಿನಲ್ಲೂ ಇದೆ. ಮೇಕೆಗೆ ಲ್ಯಾಟಿನ್ನಿನಲ್ಲಿರುವ ಹೆಸರೇ ಆ ಆಮ್ಲದ ಇನ್ನೊಂದು ಹೆಸರಿನಲ್ಲಿ ಅಡಗಿದೆ. 2008ರಲ್ಲಿ ಆ ಬಾಲ ಅಂಟಿಸುವ ಕಿಣ್ವ ಪತ್ತೆಯಾಯಿತು. ಅದರ ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಏನಾಗುತ್ತದೆ ಹೇಳಿ: ಗೋಟ್! ಮೇಕೆ! ವಿಜ್ಞಾನಿಗಳಿಗೂ ತುಂಟತನ ಇರುತ್ತದೆ ಎಂದು ನನಗೆ ಅಂದು ಮನವರಿಕೆಯಾಯಿತು.

ಘ್ರೆಲಿನ್ ಏರಿಳಿಯುವ ರೀತಿ ಇನ್ನೂ ಮಜ. ಊಟಕ್ಕೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಅದು ಸಹಜ. ಆದರೆ ಒಂದೂವರೆ ದಿನ ಏನೂ ಕೊಡದೆ ಇರಿಸಿ, ಆಗಾಗ ರಕ್ತ ತೆಗೆದು ನೋಡಿದ ಪ್ರಯೋಗದಲ್ಲಿ ಕಂಡದ್ದೇನೆಂದರೆ, ಊಟದ ಹೊತ್ತಿಗೆ ಘ್ರೆಲಿನ್ ಏರಿತು, ಊಟ ಸಿಗದಿದ್ದರೂ ಒಂದೆರಡು ಗಂಟೆಯಲ್ಲಿ ತಾನಾಗಿಯೇ ಇಳಿಯಿತು! ಹಸಿವು ಒಂದೇ ಸಮ ಏರುತ್ತಾ ಹೋಗುವ ಪ್ರವಾಹವಲ್ಲ, ಬಂದು ಹೋಗುವ ಅಲೆ. ಇದನ್ನು ಓದಿದಾಗ ನನಗೆ ನಮ್ಮಜ್ಜಿ ನೆನಪಾದಳು. ಏಕಾದಶಿಯ ದಿನ ತುಳಸಿ ನೀರು ಬಿಟ್ಟು ಬಾಯಿಗೆ ಏನೂ ಹಾಕದವಳು, "ಹನ್ನೆರಡು ಗಂಟೆ ಒಂದು ದಾಟಿಸಿಬಿಡ್ಬೇಕು ಮಗಾ, ಆಮೇಲೆ ಅದೇ ಸುಮ್ಗಾಗ್ತದೆ" ಅನ್ನುತ್ತಿದ್ದಳು. ನಾವು ಅದನ್ನು ಭಕ್ತಿ ಅಂದುಕೊಂಡಿದ್ದೆವು.

ಇಷ್ಟು ಓದಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಘ್ರೆಲಿನ್ ಮೀಟರ್ ಎಲ್ಲಿ ಸಿಗುತ್ತದೆ ಎಂದು ಹುಡುಕಿದ್ದು. ಅಂಥ ಮೀಟರ್ ಇಲ್ಲ. ಘ್ರೆಲಿನ್ನಿನ ಆ ಬಾಲ ಮಹಾ ನಾಜೂಕು. ರಕ್ತ ಮೈಯಿಂದ ಹೊರಬಿದ್ದರೂ ಬಾಲ ಕಳಚುತ್ತಲೇ ಇರುತ್ತದೆ. ಅದನ್ನು ಹಿಡಿಯಬೇಕಾದರೆ ತೆಗೆದ ತಕ್ಷಣ ಐಸಿನಲ್ಲಿಡಬೇಕು, ಕಿಣ್ವಗಳನ್ನು ಕಟ್ಟಿಹಾಕುವ ಮದ್ದು ಬೆರೆಸಬೇಕು, ಆಮ್ಲ ಸೇರಿಸಬೇಕು. ಬೆರಳು ಚುಚ್ಚಿ ಹತ್ತು ಸೆಕೆಂಡಿನಲ್ಲಿ ನೋಡುವ ಮಾತಲ್ಲ. ಒಂದು ಕೈಯಲ್ಲಿ ಕೀಟೋನ್ ಅಂಕಿ, ಇನ್ನೊಂದು ಕೈಯಲ್ಲಿ ಬರೀ ಹೊಟ್ಟೆಯ ಚುರುಗುಟ್ಟುವಿಕೆ. ನಡುವಿನ ಸೇತುವೆ ನಮಗೆ ಮನೆಯಲ್ಲಿ ಕಾಣುವುದಿಲ್ಲ.

ಆ ಸೇತುವೆಯನ್ನು ಕಂಡವರು ಮೆಲ್ಬರ್ನಿನವರು. ಆದರೆ ಅದಕ್ಕೆ ಮುಂಚೆ ಒಂದು ಕ್ರೂರ ಸತ್ಯ ಹೇಳಿಬಿಡುತ್ತೇನೆ. 2002ರಲ್ಲಿ ಅಮೆರಿಕದ ಡೇವಿಡ್ ಕಮ್ಮಿಂಗ್ಸ್ ಮತ್ತು ಸಂಗಡಿಗರು ಡಯಟ್ ಮಾಡಿ ತೂಕದಲ್ಲಿ 17 ಪ್ರತಿಶತ ಇಳಿಸಿದವರ ರಕ್ತ ನೋಡಿದರು. ದಿನದ ಒಟ್ಟು ಘ್ರೆಲಿನ್ 24 ಪ್ರತಿಶತ ಹೆಚ್ಚಿತ್ತು! ನೀವು ಇಳಿದಷ್ಟೂ ಹೊಟ್ಟೆ ಹೆಚ್ಚು ಕೂಗುತ್ತದೆ. ಇತ್ತ ಕೊಬ್ಬಿನಿಂದ ಹೊರಟು ಮಿದುಳಿಗೆ 'ದಾಸ್ತಾನು ಸಾಕಷ್ಟಿದೆ' ಎಂದು ಹೇಳುವ ಲೆಪ್ಟಿನ್ ಇಳಿದುಹೋಗುತ್ತದೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆ ಹಚ್ಚಿದ ಹಾರ್ಮೋನ್ ಅದು. 2011ರಲ್ಲಿ ಮೆಲ್ಬರ್ನಿನ ಪ್ರಿಯಾ ಸುಮಿತ್ರನ್ ಮತ್ತು ಜೋಸೆಫ್ ಪ್ರೊಯೆಟ್ಟೊ ತಂಡ ತೋರಿಸಿದ ಪ್ರಕಾರ, ತೂಕ ಇಳಿಸಿದ ಒಂದು ವರ್ಷದ ಮೇಲೂ ಈ ಏರುಪೇರು ಹಾಗೇ ಇತ್ತು. ಇಳಿಸಿದ ತೂಕ ವಾಪಸು ಬಂದಾಗ "ಬಾಯಿ ಚಪಲ" ಎಂದು ಬೈಸಿಕೊಂಡ ಎಷ್ಟು ಜನರ ಕಣ್ಣೀರಿಗೆ ಈ ಒಂದು ಪ್ರಬಂಧ ನ್ಯಾಯ ಕೊಟ್ಟಿದೆಯೋ!

ಅದೇ ತಂಡ 2013ರಲ್ಲಿ ಪ್ರಕಟಿಸಿದ್ದನ್ನು ನಾನು ಓದಿದ್ದು ನಡುರಾತ್ರಿಯಲ್ಲಿ, ಎದ್ದು ಕೂತು. ಸಕ್ಕರೆ ಕಾಯಿಲೆ ಇಲ್ಲದ 39 ಜನರಿಗೆ ಎಂಟು ವಾರ ಅತಿ ಕಡಿಮೆ ಕ್ಯಾಲೊರಿಯ, ಕೀಟೋಸಿಸ್ ತರುವ ಆಹಾರ. ತೂಕ ಸುಮಾರು 13 ಪ್ರತಿಶತ ಇಳಿಯಿತು. ಕಮ್ಮಿಂಗ್ಸ್ ಲೆಕ್ಕದಂತೆ ಘ್ರೆಲಿನ್ ಜಿಗಿಯಬೇಕಿತ್ತು. ಜಿಗಿಯಲಿಲ್ಲ! ಹಸಿವೂ ಏರಲಿಲ್ಲ. ಆಮೇಲೆ ಎರಡು ವಾರ ಮಾಮೂಲಿ ಆಹಾರ ಕೊಟ್ಟು ಕೀಟೋಸಿಸ್ಸಿನಿಂದ ಹೊರತಂದರು. ತೂಕ ಅಲ್ಲೇ ಇದೆ, ಕೀಟೋನ್ ಮಾತ್ರ ಇಳಿದಿದೆ. ಘ್ರೆಲಿನ್ ಎದ್ದು ನಿಂತಿತು. ಹಸಿವು ಹಿಂದೆಯೇ ಬಂತು. ಕಟ್ಟೆಯ ಹಿಂದೆ ನೀರು ನಿಂತಿತ್ತು, ಕೀಟೋನ್ ಆ ಕಟ್ಟೆಯ ಬಾಗಿಲು ಹಿಡಿದು ನಿಂತಿತ್ತು. ಕೈ ಬಿಟ್ಟಿತು, ನೀರು ನುಗ್ಗಿತು.

ನಾರ್ವೆಯ ಟ್ರೊಂಡ್‌ಹೈಮಿನಲ್ಲಿ 2017ರಲ್ಲಿ ಇನ್ನೂ ಸೂಕ್ಷ್ಮವಾಗಿ, ದಿನಗಳ ಲೆಕ್ಕದಲ್ಲಿ ನೋಡಿದರು. ಮೂರನೆಯ ದಿನಕ್ಕೆ ಹಸಿವು ಏರಿತ್ತು. ನನ್ನ ಡೈರಿಯ '9'! ಆಮೇಲೆ ಕೀಟೋಸಿಸ್ ಗಟ್ಟಿಯಾದಂತೆ ಹಸಿವು ಮೊದಲಿನ ಮಟ್ಟಕ್ಕೆ ಬಂದು ನಿಂತಿತು. ಕೊನೆಗೆ ಕೀಟೋಸಿಸ್ ಬಿಟ್ಟಾಗ ಮತ್ತೆ ಘ್ರೆಲಿನ್ ಮೇಲೆದ್ದಿತು. ನಾನು ಬೇರೆ ಖಂಡದ, ಮಂಜು ಸುರಿಯುವ ಊರಿನ ಅಪರಿಚಿತರ ಪಕ್ಕ ಕೂತು ಮಜ್ಜಿಗೆ ಕುಡಿಯುತ್ತಿದ್ದೇನೆ ಎನ್ನಿಸಿಬಿಟ್ಟಿತು.

ಆದರೂ ಒಂದು ಅನುಮಾನ ಉಳಿಯುತ್ತದಲ್ಲ. ಕೀಟೋ ಊಟದಲ್ಲಿ ಪ್ರೋಟೀನು, ಕೊಬ್ಬು ಎಲ್ಲ ಇದೆ, ಹೊಟ್ಟೆ ತುಂಬಿಸಿದ್ದು ಅವೇ ಇರಬಹುದು. ಆಕ್ಸ್‌ಫರ್ಡಿನ ಬ್ರಿಯಾನಾ ಸ್ಟಬ್ಸ್ ಮತ್ತು ಕೀರನ್ ಕ್ಲಾರ್ಕ್ ತಂಡ ಇದಕ್ಕೊಂದು ಜಾಣ ದಾರಿ ಕಂಡುಕೊಂಡಿತು. ಡಯಟ್ಟೇ ಬೇಡ, ಕೀಟೋನನ್ನೇ ಕುಡಿಸಿಬಿಡುವುದು! 15 ಜನರಿಗೆ ರಾತ್ರಿ ಉಪವಾಸದ ನಂತರ ಒಂದು ದಿನ ಕೀಟೋನ್ ಪಾನೀಯ, ಇನ್ನೊಂದು ದಿನ ಅಷ್ಟೇ ಕ್ಯಾಲೊರಿಯ ಗ್ಲೂಕೋಸ್ ನೀರು. ಕುಡಿದವರ ರಕ್ತದಲ್ಲಿ ಕೀಟೋನ್ 3.3ಕ್ಕೆ ಏರಿತು, ನಮ್ಮ ಮಾವನ ಹಸುವಿನ ಅಂಕಿಯ ಪಕ್ಕಕ್ಕೆ. ಎರಡರಿಂದ ನಾಲ್ಕು ಗಂಟೆಯ ನಡುವೆ ಗ್ಲೂಕೋಸ್ ಕುಡಿದ ದಿನಕ್ಕಿಂತ ಘ್ರೆಲಿನ್ ಕಡಿಮೆ, ಹಸಿವೂ ಕಡಿಮೆ. 2018ರ ಮಾತು ಇದು. ಆ ಪಾನೀಯದ ರುಚಿ ಭಯಂಕರ ಎಂದು ಕುಡಿದವರು ಹೇಳುತ್ತಾರೆ. ನಾನು ಕುಡಿದಿಲ್ಲ, ಕುಡಿಯುವ ಧೈರ್ಯವೂ ಇಲ್ಲ.

ಇಷ್ಟು ಹೊತ್ತಿಗೆ ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಆಗ ಕೆವಿನ್ ಹಾಲ್ ನನ್ನ ಕಾಲು ಹಿಡಿದು ಕೆಳಕ್ಕೆ ಎಳೆದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರನ್ನು ನಾಲ್ಕು ವಾರ ಒಳಗೇ ಇರಿಸಿಕೊಂಡು, ಎರಡು ವಾರ ಕೀಟೋ ಊಟ, ಎರಡು ವಾರ ಕೊಬ್ಬು ಕಡಿಮೆಯಿದ್ದು ಕಾಳು, ತರಕಾರಿ, ಧಾನ್ಯ ತುಂಬಿದ ಊಟ ಹಾಕಿದರು. ಎಷ್ಟು ಬೇಕಾದರೂ ತಿನ್ನಿ ಎಂದರು. ಹಸಿವಿನ ಅಂಕ ಎರಡರಲ್ಲೂ ಒಂದೇ. ಆದರೆ ಕೀಟೋ ತಿಂದ ದಿನಗಳಿಗಿಂತ ಧಾನ್ಯದ ಊಟದಲ್ಲಿ ದಿನಕ್ಕೆ ಸರಾಸರಿ 689 ಕ್ಯಾಲೊರಿ ಕಡಿಮೆ ತಿಂದಿದ್ದರು! ನಮ್ಮ ಹಳ್ಳಿಯ ಸೊಪ್ಪಿನ ಸಾರು, ಹುರುಳಿಕಾಳು, ಮುದ್ದೆ ಕೂಗಿ ನಕ್ಕ ಹಾಗಾಯಿತು. ಕೀಟೋನ್ ಹಸಿವಿನ ಒಂದು ಬಾಗಿಲು ಹಿಡಿಯುತ್ತದೆ ನಿಜ, ಆದರೆ ಹಸಿವಿಗೆ ಬಾಗಿಲು ಒಂದೇ ಅಲ್ಲ. ನನ್ನ ಮೀಟರಿನ ಅಂಕಿ ಏರಿದಷ್ಟೂ ಹಸಿವು ಅಷ್ಟೇ ಇಳಿಯುತ್ತದೆ ಎಂಬ ಲೆಕ್ಕವೂ ನಡೆಯುವುದಿಲ್ಲ. ಅಂಕಿ ಏರಿಸಲೆಂದೇ ತುಪ್ಪ ಸುರಿದುಕೊಂಡ ಎರಡು ದಿನ ನನ್ನ ಡೈರಿಯಲ್ಲಿದೆ. ಕೀಟೋನ್ 2.1, ತೂಕ ಅರ್ಧ ಕೇಜಿ ಮೇಲೆ. ಮೀಟರಿಗೆ ಗೊತ್ತಾಗುವುದು ಕೊಬ್ಬು ಉರಿಯುತ್ತಿದೆ ಎಂಬುದಷ್ಟೇ. ಅದು ಸೊಂಟದ ಕೊಬ್ಬೋ, ತಟ್ಟೆಯ ತುಪ್ಪವೋ ಅದಕ್ಕೇನು ಗೊತ್ತು?

ಬೆರಗು ಅಲ್ಲಿಗೂ ಮುಗಿಯಲಿಲ್ಲ. 2024ರ ಕೊನೆಯಲ್ಲಿ ಸ್ಟ್ಯಾನ್‌ಫರ್ಡಿನ ಜೊನಾಥನ್ ಲಾಂಗ್ ಪ್ರಯೋಗಾಲಯದಿಂದ ಹೊಸ ಸುದ್ದಿ. ಕೀಟೋನ್ ಬರೀ ಇಂಧನವಾಗಿ ಉರಿದುಹೋಗುವುದಿಲ್ಲ. ಅದರಲ್ಲಿ ಒಂದು ಪಾಲು ಅಮೈನೋ ಆಮ್ಲಗಳ ಕೈ ಹಿಡಿದು ಹೊಸ ಅಣುಗಳಾಗುತ್ತದೆ. ಅಂಥ ಒಂದು ಜೋಡಿ ಅಣುವನ್ನು ಇಲಿಗಳಿಗೆ ಕೊಟ್ಟರೆ ಅವು ತಿನ್ನುವುದು ಕಡಿಮೆ ಮಾಡಿದವು, ತೂಕ ಇಳಿಯಿತು. ಮನುಷ್ಯರ ರಕ್ತದಲ್ಲೂ ಆ ಅಣುಗಳಿವೆ! ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ನಮ್ಮ ಹಸು ಹಿಂಡಿ ಬಿಡೋದು ಇದಕ್ಕೇ ಇರಬಹುದಾ ಸಾರ್?" ಅಂದರು. ಆ ಪ್ರಶ್ನೆ ಕೇಳಿ ನನ್ನ ಮೈ ಜುಮ್ಮೆಂದಿತು.

ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಇನ್ಸುಲಿನ್ ಚುಚ್ಚಿಕೊಳ್ಳುವ ಟೈಪ್ 1 ಸಕ್ಕರೆ ಕಾಯಿಲೆಯವರಲ್ಲಿ ಇದೇ ಕೀಟೋನ್ ಲಗಾಮಿಲ್ಲದೆ ಏರಿ ರಕ್ತ ಹುಳಿಯಾದರೆ ಅದು ಪ್ರಾಣಕ್ಕೆ ಬರುತ್ತದೆ. 3 ದಾಟಿ ವಾಂತಿ, ಏದುಸಿರು ಇದ್ದರೆ ಆಸ್ಪತ್ರೆಗೆ ಓಡಬೇಕು. ಹೆಸರಿನ ಕೊನೆಗೆ 'ಗ್ಲಿಫ್ಲೋಜಿನ್' ಇರುವ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಕೀಟೋ ಕಡೆ ತಲೆ ಹಾಕುವ ಮುಂಚೆ ತಮ್ಮ ಡಾಕ್ಟರನ್ನು ಕೇಳಲೇಬೇಕು. ಅವರಲ್ಲಿ ಸಕ್ಕರೆ ಅಂಕಿ ನೆಟ್ಟಗೇ ಕಾಣುತ್ತಿದ್ದು ಒಳಗೆ ಕೀಟೋನ್ ಏರಿಬಿಡಬಹುದು. ಬಸುರಿಯರೂ ಹಾಲೂಡಿಸುವ ತಾಯಂದಿರೂ ಇದರಿಂದ ದೂರ ಇರುವುದೇ ಲೇಸು. ಏಕೆಂಬುದನ್ನು ಕೊಟ್ಟಿಗೆಯಲ್ಲಿ ನಿಂತಿದ್ದ ಬಾಣಂತಿ ಹಸುವೇ ಹೇಳುತ್ತಿದೆ.

ಆ ಹಸುವಿನ ವಿಷಯ. ಅಂದು ಡಾಕ್ಟರು ಕುತ್ತಿಗೆಯ ನರಕ್ಕೆ ಗ್ಲೂಕೋಸ್ ಬಾಟ್ಲಿ ಏರಿಸಿ, ಗಂಟಲಿಗೆ ಗೊಟ್ಟದಲ್ಲಿ ಔಷಧಿ ಹೊಯ್ದು, ಮೂರು ದಿನಕ್ಕೆ ಮತ್ತಷ್ಟು ಕೊಟ್ಟು ಹೋಗಿದ್ದರು. ನಾನು ಬೆಂಗಳೂರಿಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಮಾವ ವಾಟ್ಸಾಪಿನಲ್ಲಿ ವಿಡಿಯೊ ಕಳಿಸಿದರು. ಹಸು ಬಕೆಟ್ಟಿನೊಳಗೆ ಕಣ್ಣಿನವರೆಗೂ ಮುಖ ಇಳಿಸಿದೆ. ಹಿಂಡಿ, ಬೂಸಾ, ಮೇಲೆ ಬೆಲ್ಲದ ನೀರು. ಚಪ್ಪರಿಸುವ ಸದ್ದು, ಬಕೆಟ್ಟು ನೆಲಕ್ಕೆ ಉಜ್ಜುವ ಸದ್ದು, ಹಿನ್ನೆಲೆಯಲ್ಲಿ ಮಾವನ ನಗು: "ನೋಡಳಿಯ, ನಮ್ಮ ಹಸು ಕೀಟೋ ಬಿಡ್ತು!"

ಪಕ್ಕದಲ್ಲಿ ಆಗಷ್ಟೇ ಬೆರಳು ಚುಚ್ಚಿ ನೋಡಿದ ಮೀಟರ್ 1.4 ತೋರಿಸುತ್ತಿತ್ತು. ವಿಡಿಯೊ ಮತ್ತೊಮ್ಮೆ ಹಾಕಿದೆ. ಆ ಬೆಲ್ಲದ ನೀರು ಕಂಡದ್ದೇ ತಡ, ಒಂದೂವರೆ ವಾರದಿಂದ ಸುಮ್ಮನಿದ್ದ ನನ್ನ ಹೊಟ್ಟೆ ಎಲ್ಲರಿಗೂ ಕೇಳುವಷ್ಟು ಜೋರಾಗಿ ಗುರ್ ಎಂದಿತು.